ಯಜಮಾನರ ಕೋಟು

ನಮ್ಮಪ್ಪನಿಗೆ ಎಡೆ ಇಡುತ್ತಿದ್ದುದು ಒಂದು ಹಳೇ ರೇಷನ್ ಕಾರ್ಡಿನ ಮುಂದೆ. ಹಿರಿಯರ ಹಬ್ಬದ ದಿನ, ನರಸೀಪುರದ ಹತ್ತಿರದ ನಮ್ಮೂರಿನಲ್ಲಿ, ತಮ್ಮನ ಮನೆಯ ಪಡಸಾಲೆಯಲ್ಲಿ ಅವ್ವ ಒಂದು ಹಿತ್ತಾಳೆ ಚೊಂಬಿಟ್ಟು, ಅದಕ್ಕೆ ಆ ಕಾರ್ಡನ್ನು ಒರಗಿಸಿ, ಮುಂದೆ ಬಾಳೆಲೆ ಹಾಸುತ್ತಿದ್ದಳು. ಮುದ್ದೆ, ಕೋಳಿಸಾರು, ಎಲೆಅಡಿಕೆ, ಒಂದು ಕಟ್ಟು ಬೀಡಿ. ಕಾರ್ಡಿನ ಮೇಲೆ ನಾವೆಲ್ಲ ಸಾಲಾಗಿ ಕೂತ ಒಂದು ಫೋಟೋ ಇತ್ತು. ಅದರಲ್ಲಿ ಅಪ್ಪನ ಮುಖ ಅವರೆಕಾಳಿನಷ್ಟು, ಅದರಲ್ಲೂ ಅರ್ಧವನ್ನು ನೇರಳೆ ಬಣ್ಣದ ಸೀಲು ನುಂಗಿತ್ತು. ಅಪ್ಪ ಹೋದಮೇಲೆ ಎಂಟು ವರ್ಷ ಇದೇ ನಡೆಯಿತು. ಆಧಾರ್ ಕಾರ್ಡಿನ ಫೋಟೋ ಇತ್ತು ನಿಜ, ಆದರೆ ಅದನ್ನು ಎಡೆಯ ಮುಂದೆ ಇಡಲು ಅವ್ವ ಸುತರಾಂ ಒಪ್ಪಲಿಲ್ಲ. “ಅದ್ರಲ್ಲಿ ಎಣದಂಗೆ ಅವ್ರೆ, ಬ್ಯಾಡ” ಅಂದುಬಿಟ್ಟಳು.

ಒಂಬತ್ತನೇ ವರ್ಷ ಅವ್ವ ಎಡೆ ಇಟ್ಟಮೇಲೆ ಕಾರ್ಡನ್ನು ಮೂಗಿನ ಹತ್ತಿರ ತಂದು, ಒಂದು ಸಲ ಬಲಗಣ್ಣಿನಿಂದ, ಒಂದು ಸಲ ಎಡಗಣ್ಣಿನಿಂದ ನೋಡಿದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಬೇಕಾದರೆ ಮೊದಲು ಶುಗರ್ ಇಳಿಯಬೇಕು ಅಂತ ಡಾಕ್ಟರು ಹೇಳಿದ್ದರು. ಅವ್ವನ ಶುಗರ್ ಇಳಿಯುವ ಲಕ್ಷಣ ಕಾಣುತ್ತಿರಲಿಲ್ಲ.

“ಕಾಣಾಕಿಲ್ಲ ಕಣವ್ವ,” ಅಂದಳು ನನ್ನ ಕಡೆ ತಿರುಗಿ. “ಒಂದು ದೊಡ್ಡ ಫೋಟೋ ಇದ್ದಿದ್ರೆ, ಈ ಕಣ್ಣು ಪೂರ್ತಿ ಓಗಕ್ಕೆ ಮುಂಚೆ ನಿಮ್ಮಪ್ಪನ ಮೊಕ ಇನ್ನೊಂದ್ಸಲ ನೋಡ್ಬುಡ್ತಿದ್ದೆ.”

ಅವಳು ದೂರಿ ಹೇಳಿದ ಮಾತಲ್ಲ ಅದು. ಆದರೂ ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಯಾಕೆಂದರೆ ಮನೆಯಲ್ಲಿ ಅಪ್ಪನ ಒಂದು ನೆಟ್ಟಗಿನ ಫೋಟೋ ಇಲ್ಲದ್ದಕ್ಕೆ ಕಾರಣ ನಾನು.

ಅಪ್ಪ ಇದ್ದಾಗ ನಮ್ಮಲ್ಲಿ ಫೋಟೋದವನನ್ನು ಕರೆಸಿದ್ದು ನನ್ನ ಮದುವೆಗೆ ಮಾತ್ರ. ಅದು ಆದದ್ದು ನಂಜನಗೂಡಿನ ಒಂದು ಛತ್ರದಲ್ಲಿ. ಆಗಲೇ ನನಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಗಂಡನ ಮನೆಯವರು ಎರಡು ತಲೆಮಾರಿನಿಂದ ಸಂಬಳದ ಜನ. ಅಪ್ಪ ಬೇರೆಯವರ ಹೊಲದಲ್ಲಿ ಕಬ್ಬು ಕಡಿಯುವವನು, ಬೇರೆಯವರ ಗದ್ದೆಗೆ ನೀರು ಕಟ್ಟುವವನು. ಅವನಿಗೆ ನಾನೇ ಒಂದು ತುಂಬುತೋಳಿನ ಬಿಳಿ ಶರ್ಟು ತಂದುಕೊಟ್ಟಿದ್ದೆ. ಪ್ಯಾಕೆಟ್ಟಿನ ಮಡಿಕೆ ಎದೆಯ ಮೇಲೆ ಹಾಗೇ ಎದ್ದು ಕಾಣುವಂತೆ ಅದನ್ನು ಹಾಕಿಕೊಂಡು, ಬಿರುಕುಬಿಟ್ಟ ಬರಿಗಾಲಲ್ಲಿ ಸ್ಟೇಜಿನ ಕೆಳಗೆ ನಿಂತಿದ್ದ. “ಹೆಣ್ಣಿನ ತಂದೆ ಬನ್ನಿ” ಅಂತ ಫೋಟೋದವನು ಕೂಗಿದ. ಅಪ್ಪ ಮೆಟ್ಟಿಲಿಗೆ ಕಾಲಿಟ್ಟ. ನಾನು ಬಗ್ಗಿ, “ಆಮೇಲೆ ಕರೀತೀನಿ ಅಪ್ಪ, ಈಗ ಊಟದ ಕಡೆ ನೋಡ್ಕೊ” ಅಂದೆ. ಅವನು ಒಂದು ಕೆಲಸ ಸಿಕ್ಕಿತಲ್ಲ ಅಂತ ಸಂತೋಷದಿಂದಲೇ ಹೋದ. ಆಮೇಲೆ ನಾನು ಕರೆಯಲಿಲ್ಲ. ಮರೆತದ್ದಲ್ಲ, ಕರೆಯಲಿಲ್ಲ. ಧಾರೆಗೂ ಮೇಷ್ಟ್ರಾಗಿದ್ದ ಸೋದರಮಾವನನ್ನೇ ನಿಲ್ಲಿಸಿದೆ. ಅಪ್ಪನಿಗೆ ಮಂತ್ರಗಿಂತ್ರ ಹೇಳಲು ಬರಲ್ಲ ಅಂತ ನೆಪ ಹೇಳಿದ್ದೂ ನಾನೇ. ಆ ಆಲ್ಬಮ್ಮಿನಲ್ಲಿ ಅಪ್ಪನದೆಂದು ಹೇಳಬಹುದಾದ್ದು ಒಂದೇ ಒಂದು: ಸಾಂಬಾರಿನ ಬಕೆಟ್ ಹಿಡಿದ ಮೊಣಕೈ.

ಅವ್ವನ ಮಾತು ಕೇಳಿ ನಂಜನಗೂಡಿನ ನಮ್ಮ ಮನೆಗೆ ಬಂದವಳು, ಜೊತೆಗೆ ತಂದಿದ್ದ ರೇಷನ್ ಕಾರ್ಡಿನ ಫೋಟೋವನ್ನು ಅಲ್ಲಿನ ಸ್ಟುಡಿಯೋದಲ್ಲಿ ತೋರಿಸಿದೆ. ದೊಡ್ಡದು ಮಾಡಿದರೆ ಬರೀ ಚುಕ್ಕೆ ಬರುತ್ತದೆ, ಮುಖ ಬರಲ್ಲ ಅಂದರು. ಆಗ ನನ್ನ ತಲೆಗೆ ಹೊಳೆದದ್ದು, ನಾನೇ ಯಾಕೆ ಬರೆಯಬಾರದು ಅಂತ. ಚಿಕ್ಕಂದಿನಿಂದ ನನ್ನ ಕೈಗೆ ಒಂದಿಷ್ಟು ಚಿತ್ರ ಬರುತ್ತಿತ್ತು. ಮೀಟಿಂಗಿನಲ್ಲಿ ಕೂತಾಗ ಸಾಹೇಬರ ಮೂಗನ್ನು ಡೈರಿಯ ಮೂಲೆಯಲ್ಲಿ ಗೀಚಿ ಪಕ್ಕದವರನ್ನು ನಗಿಸುತ್ತಿದ್ದೆ. ಅವ್ವನಿಗೋಸ್ಕರ ಅಂದುಕೊಂಡೆ. ಪೂರಾ ಸುಳ್ಳಲ್ಲ. ಆದರೆ ಹೊಸದಾಗಿ ಕಟ್ಟಿಸಿದ ನಮ್ಮ ಮನೆಯ ಹಾಲಿನಲ್ಲಿ, ಕೋಟು ಟೈ ಹಾಕಿಕೊಂಡ ಮಾವನವರ ದೊಡ್ಡ ಫೋಟೋದ ಪಕ್ಕ ಒಂದು ಜಾಗ ಖಾಲಿ ಇತ್ತು. ಬಂದವರೆಲ್ಲ ಆ ಖಾಲಿ ಜಾಗವನ್ನೇ ನೋಡುತ್ತಾರೆ ಅಂತ ನನಗೆ ಅನ್ನಿಸುತ್ತಿತ್ತು. ಅಲ್ಲೊಂದು ಎಣ್ಣೆಬಣ್ಣದ ಚಿತ್ರ, ಅದೂ ಮಗಳೇ ಬರೆದದ್ದು ಅಂತ ಜನ ಬೆರಗಾಗಬೇಕು ಅನ್ನುವ ಜಂಬ ನನಗಿತ್ತು.

ಕಲಿಸುವವರು ಸಿಕ್ಕಿದ್ದು ನರಸೀಪುರದಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬೋರ್ಡ್ ಬರೆಯುತ್ತಿದ್ದ ಒಬ್ಬ ಹಿರಿಯ ಪೇಂಟರು. ಅಂಗಡಿ ಬೋರ್ಡು, ಲಾರಿ ನಂಬರು, ಎಲೆಕ್ಷನ್ ಗೋಡೆ, ದೇವರ ಪಟ, ಸತ್ತವರ ಮುಖ, ಎಲ್ಲ ಬರೆದ ಕೈ ಅದು. ಫ್ಲೆಕ್ಸ್ ಬಂದಮೇಲೆ ಕೆಲಸ ನಿಂತು, ಈಗ ಭಾನುವಾರ ಒಂದಿಬ್ಬರಿಗೆ ಪಾಠ ಹೇಳುತ್ತಿದ್ದರು. ನಾನು ಅವರನ್ನು ಮೇಷ್ಟ್ರೇ ಅನ್ನುತ್ತಿದ್ದೆ. ನನ್ನ ವಯಸ್ಸು ನಲವತ್ತಾರಾದರೂ ಅವರ ಮುಂದೆ ಸ್ಲೇಟು ಹಿಡಿದ ಮಗುವಿನ ಹಾಗೆ ಕೂರುತ್ತಿದ್ದೆ.

ಅವರ ಅಂಗಡಿಯ ಹಿಂದಿನ ಗೋಡೆಗೆ ಒಂದು ಹಳೇ ಚಿತ್ರ ಇತ್ತು. ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಕತ್ತಿನ ತನಕ ಗುಂಡಿ ಹಾಕಿದ ಕರೀ ಕೋಟು, ಜರಿ ಅಂಚಿನ ಬಿಳಿ ಪೇಟ, ಭುಜದಿಂದ ಇಳಿಬಿದ್ದ ಶಲ್ಯ, ಬೆತ್ತದ ಮೇಲೆ ಒಂದು ಕೈ, ಬೆರಳಲ್ಲಿ ಕೆಂಪು ಹರಳಿನ ಉಂಗುರ. ಮುಖ ಬೆಳ್ಳಗೆ, ಕೆನ್ನೆಯಲ್ಲಿ ಒಂಚೂರು ಗುಲಾಬಿ. ಯಾವುದೋ ದೊಡ್ಡ ಮನೆಯಿಂದ, ಹರಿದ ಕ್ಯಾನ್ವಾಸ್ ಬಟ್ಟೆಯ ರಿಪೇರಿಗೆಂದು ಬಂದದ್ದಂತೆ. ಮನೆಯವರು ವಾಪಸ್ ತೆಗೆದುಕೊಂಡು ಹೋಗಲೇ ಇಲ್ಲ. ಹೆಸರೂ ಗೊತ್ತಿಲ್ಲ. ಅಂಗಡಿಯಲ್ಲಿ ಎಲ್ಲರೂ ಅದನ್ನು ಯಜಮಾನರು ಅಂತಲೇ ಕರೆಯುತ್ತಿದ್ದರು.

“ಎಲ್ರೂ ಯಜಮಾನ್ರಿಂದ್ಲೇ ಸುರು ಮಾಡೋದು ಮೇಡಮ್ಮೋರೆ,” ಅಂದರು ಮೇಷ್ಟ್ರು. “ಇವ್ರುನ್ನ ಇದ್ದಂಗೇ ಇಳಿಸಿಬುಟ್ರೆ ಆಮ್ಯಾಕೆ ಯಾರ್ನ ಬೇಕಾರೂ ಇಳಿಸಬೋದು.”

ಈ ಯಜಮಾನರು ಅನ್ನುವ ಮಾತಿನ ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಆಫೀಸಿನಲ್ಲಿ ಹೆಂಗಸರೆಲ್ಲ ಗಂಡನಿಗೆ “ನಮ್ಮ ಯಜಮಾನ್ರು” ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ಕಲಿತುಕೊಂಡೆ. ಒಂದು ಸಲ ಊರಿಗೆ ಹೋದಾಗ “ನಾಳೆ ನಮ್ಮ ಯಜಮಾನ್ರು ಬರ್ತಾರೆ” ಅಂದೆ. ಅವ್ವ ಗಾಬರಿಯಿಂದ ಅಂಗಳ ಗುಡಿಸಲು ಎದ್ದಳು. ಅಳಿಯ ಅಂತ ತಿಳಿದಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಕೇರಿಯಲ್ಲಿ ಗಂಡನನ್ನು ಹಾಗೆ ಅನ್ನುವ ರೂಢಿಯೇ ಇಲ್ಲ. ನಮಗೆ ಯಜಮಾನರು ಅಂದರೆ ಗದ್ದೆಯ ಒಡೆಯರು, ಕೂಲಿ ಕೊಡುವವರು, ಅಷ್ಟೇ.

ಅಂತೂ ಪ್ರತಿ ಭಾನುವಾರ ಬೆಳಿಗ್ಗೆ ಸುತ್ತೂರಿನ ಕಡೆಯಿಂದ ಹೋಗುವ ಬಸ್ಸು ಹಿಡಿದು, ಯಜಮಾನರ ಮುಂದೆ ಕೂತೆ. ಮೊದಲು ಹಳೇ ಚಿತ್ರದ ಚೌಕಟ್ಟಿಗೆ ಅಡ್ಡಡ್ಡ ಉದ್ದುದ್ದ ದಾರ ಕಟ್ಟಿ ಚೌಕ ಮಾಡಿದೆವು. ನನ್ನ ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕ. ಒಂದೊಂದು ಚೌಕದಲ್ಲಿ ಏನಿದೆಯೋ ಅಷ್ಟನ್ನೇ ನೋಡಿ ಈ ಕಡೆಗೆ ತರಬೇಕು. ಕಣ್ಣು ಅಂತ ನೋಡಬಾರದು, ಮೂಗು ಅಂತ ನೋಡಬಾರದು, ಗೆರೆ ಎಲ್ಲಿ ಹೊಕ್ಕು ಎಲ್ಲಿ ಹೊರಬಂತು ಅಂತ ಮಾತ್ರ ನೋಡಬೇಕು. ನಾನು ಮಹಾ ಜಾಣೆಯ ಹಾಗೆ ಕಣ್ಣು ಅಂತಲೇ ನೋಡಿ, ಒಂದು ಬೆರಳು ಮೇಲೆ ಬರೆದು, ಯಜಮಾನರಿಗೆ ದೆವ್ವ ಬಡಿದ ಹಾಗೆ ಮಾಡಿದೆ. ಮೇಷ್ಟ್ರು ಟರ್ಪಂಟೈನ್ ಬಟ್ಟೆಯಿಂದ ಒಂದೇ ಏಟಿಗೆ ಒರೆಸಿದರು. ಮೂರು ವಾರದ ಕೆಲಸ. ನನಗೆ ಎಂಥಾ ಸಿಟ್ಟು ಬಂತೆಂದರೆ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ಬರುವುದು ತಡವಾಯಿತು ಅಂತ ವಾಪಸ್ ಹೋದೆ. ಅವರು ಏನೂ ಆಗದವರಂತೆ ನನ್ನ ಕುಂಚ ತೊಳೆದಿಟ್ಟಿದ್ದರು.

ಮೊದಲು ಇಡೀ ಚಿತ್ರವನ್ನು ಕಂದು ಬಣ್ಣ ಒಂದರಲ್ಲೇ ತೆಳ್ಳಗೆ ಬರೆಯಬೇಕು, ನೆರಳು ಬೆಳಕು ಮಾತ್ರ. ಅದು ಒಣಗಿದ ಮೇಲೆ ಎಣ್ಣೆ ಬೆರೆಸಿದ ಬಣ್ಣ. ಜರಿ ಬರೆಯಲು ಚಿನ್ನದ ಬಣ್ಣ ಬೇಡವೇ ಬೇಡ, ಒಂದಿಷ್ಟು ಮಣ್ಣಿನ ಹಳದಿ, ಒಂದಿಷ್ಟು ಕಂದು, ಕೊನೆಗೆ ತುದಿಯಲ್ಲಿ ಒಂದು ಬೆಳ್ಳನೆ ಚುಕ್ಕೆ. ಆ ಚುಕ್ಕೆ ಇಟ್ಟ ಕೂಡಲೇ ಜರಿ ಝಗ್ಗೆಂದಿತು. ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದೆ. ಮುಖಕ್ಕೆ ಯಾವ ಟ್ಯೂಬಿನಿಂದ ಎಷ್ಟು ಅಂತ ಮೇಷ್ಟ್ರು ಹೇಳಿದ್ದನ್ನು ಸಾರಿನ ಪುಡಿಯ ಅಳತೆಯ ಹಾಗೆ ಪುಸ್ತಕದಲ್ಲಿ ಬರೆದುಕೊಂಡೆ. ಅದಕ್ಕೆ ‘ಮೈಬಣ್ಣ’ ಅಂತ ತಲೆಬರಹ ಹಾಕಿದೆ. ಯಾರ ಮೈಬಣ್ಣ ಅಂತ ಆಗ ಯೋಚಿಸಲಿಲ್ಲ.

ಮೇಷ್ಟ್ರು ಮತ್ತೆ ಮತ್ತೆ ಹೇಳುತ್ತಿದ್ದ ಪಾಠ ಇನ್ನೊಂದಿತ್ತು. “ಇಂದಕ್ಕೆ ಓಗಿ, ಕಣ್ಣು ಅರ್ದ ಮುಚ್ಚಿ ನೋಡಿ ಮೇಡಮ್ಮೋರೆ. ಹತ್ರದಲ್ಲಿ ಕಾಣೋದೆಲ್ಲ ನಿಮ್ಮ ಕಸೂತಿ. ಅರ್ದ ಕಣ್ಣಿಗೆ ಏನ್ ಕಾಣ್ತದೋ ಅದೇ ಚಿತ್ರ.” ಹಾಗೆ ನೋಡಿದಾಗ ಯಜಮಾನರ ಕಣ್ಣು ಬಾಯಿ ಎಲ್ಲ ಮಂಜಾಗಿ, ಕರೀ ಕೋಟು, ಬಿಳೀ ಪೇಟ ಎರಡೇ ಉಳಿಯುತ್ತಿದ್ದವು.

ಏಳು ತಿಂಗಳಾದಮೇಲೆ ನನ್ನ ಯಜಮಾನರೂ ಅವರ ಯಜಮಾನರೂ ಅಕ್ಕಪಕ್ಕ ನಿಂತರು. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿ, “ಪಾಸು” ಅಂದರು. ನಾನು ಮೊಬೈಲಿನಲ್ಲಿ ಫೋಟೋ ತೆಗೆದು ಆಫೀಸಿನ ಗುಂಪಿಗೆ ಹಾಕಿದೆ. ಮರುವಾರ ರೇಷನ್ ಕಾರ್ಡನ್ನು ಜೆರಾಕ್ಸ್ ಅಂಗಡಿಯಲ್ಲಿ ಹಿಗ್ಗಿಸಿ ತಂದು ಮೇಷ್ಟ್ರ ಮುಂದೆ ಇಟ್ಟೆ.

“ಇದ್ರಲ್ಲಿ ಕಿವಿ ಬುಟ್ರೆ ಇನ್ನೇನೂ ಇಲ್ವಲ್ಲ ಮೇಡಮ್ಮೋರೆ,” ಅಂದರು. “ನಿಮ್ಮಪ್ಪಾರು ಏನ್ ಮಾಡ್ತಿದ್ರು?”

ಸಾಮಾನ್ಯ ಪ್ರಶ್ನೆ. ಅವರು ಕೇಳಿದ್ದು ಬಟ್ಟೆಬರೆ ಹೇಗಿರಬೇಕು ಅಂತ ತಿಳಿಯಲು. ಪಕ್ಕದಲ್ಲಿ, ನನ್ನ ಹಾಗೆ ಪಾಠಕ್ಕೆ ಬರುತ್ತಿದ್ದ ಬಿಳಿಗೆರೆ ಕಡೆಯ ಒಬ್ಬ ಡ್ರಾಯಿಂಗ್ ಟೀಚರು ಬಣ್ಣ ಕಲೆಸುತ್ತಾ ಕೂತಿದ್ದರು. ನಾನು, “ಜಮೀನು ನೋಡ್ಕೊಳ್ತಿದ್ರು” ಅಂದೆ. ಒಂದರ್ಥದಲ್ಲಿ ಸುಳ್ಳಲ್ಲ. ಬೇರೆಯವರ ಜಮೀನು ನೋಡಿಕೊಳ್ಳುತ್ತಿದ್ದ, ಮೂವತ್ತು ವರ್ಷ.

“ಅಂಗಾರೆ ಯಜಮಾನ್ರ ಬಾಡೀನೇ ಸರಿ,” ಅಂದರು ಮೇಷ್ಟ್ರು.

ಬಾಡಿ ಅಂದರೆ ಆ ಕಸುಬಿನವರ ಮಾತು. ಹಿಂದೆ ಸತ್ತವರ ಚಿತ್ರ ಬರೆಸಲು ಬಂದರೆ ಜನರ ಹತ್ತಿರ ಮುಖದ್ದೊಂದು ಸಣ್ಣ ಫೋಟೋ ಇದ್ದರೆ ಹೆಚ್ಚು. ಹಾಗಾಗಿ ಪೇಂಟರುಗಳು ಕತ್ತಿನಿಂದ ಕೆಳಗೆ ಒಂದೆರಡು ಬಾಡಿ ಸಿದ್ಧ ಇಟ್ಟುಕೊಂಡಿರುತ್ತಿದ್ದರು. ಒಂದು ಕೋಟಿನದು, ಒಂದು ಜುಬ್ಬಾದ್ದು, ಹೆಂಗಸರಿಗೆ ಒಂದು ರೇಷ್ಮೆ ಸೀರೆಯದು. ಅದರ ಮೇಲೆ ತಲೆ ಕೂರಿಸುವುದು. “ಈ ಒಂದು ಕೋಟ್ನ ನಮ್ ತಾಲ್ಲೂಕಲ್ಲಿ ಎಷ್ಟು ಜನ ಆಕ್ಕೊಂಡವ್ರೆ ಅಂದ್ರೆ, ದಿಟವಾದ್ ಕೋಟಾಗಿದ್ರೆ ಅರ್ದೋಯ್ತಿತ್ತು” ಅಂತ ಮೇಷ್ಟ್ರು ನಕ್ಕರು. ನಾನೂ ನಕ್ಕೆ.

ಆಗ ಬಾಯಿಬಿಟ್ಟು ಹೇಳಬಹುದಿತ್ತು. ಮೇಷ್ಟ್ರೇ, ನಮ್ಮಪ್ಪ ಕೋಟು ಮುಟ್ಟಿದವನಲ್ಲ, ಮೊಣಕಾಲ ಮೇಲಿನ ಚಡ್ಡಿ, ಹೆಗಲ ಮೇಲೊಂದು ಟವೆಲ್ಲು, ಅದನ್ನು ಬರೆಯೋದು ಹೇಳಿಕೊಡಿ ಅಂತ. ಅವರು ಖಂಡಿತ ಹೇಳಿಕೊಡುತ್ತಿದ್ದರು, ಅವರೇನು ಕೋಟಿನ ಮನೆಯಲ್ಲಿ ಹುಟ್ಟಿದವರಲ್ಲ. ಆದರೆ ನನಗೆ ಕೋಟೇ ಬೇಕಿತ್ತು. ಮಾವನವರ ಪಕ್ಕದಲ್ಲಿ ಟವೆಲ್ಲು ನೇತಾಡುವುದು ನನಗೆ ಬೇಕಿರಲಿಲ್ಲ.

ಮುಖಕ್ಕೆ ಬಂದಾಗ ನನ್ನ ಬಂಡವಾಳ ಬಯಲಾಯಿತು. ಅಪ್ಪನ ಜೊತೆ ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಇದ್ದವಳಿಗೆ ಅವನ ಮೂಗು ನೆನಪಿಲ್ಲ. ತುಟಿ ದಪ್ಪವೋ ತೆಳುವೋ ಗೊತ್ತಿಲ್ಲ. ನೆನಪಿದ್ದದ್ದು ಎರಡು: ಮುಂದಕ್ಕೆ ಚಾಚಿದ ಕಿವಿ, ಎಡಹುಬ್ಬನ್ನು ಎರಡು ತುಂಡು ಮಾಡಿದ್ದ ಗಾಯದ ಗೆರೆ. ಕಬ್ಬಿನ ಸೋಗೆ ಕುಯ್ದದ್ದು ಅದು. ಉಳಿದಲ್ಲೆಲ್ಲ ಕೈ ತನಗೆ ಬರುತ್ತಿದ್ದ ಮುಖವನ್ನೇ ಬರೆಯಿತು. ಯಾರೆಂದೇ ತಿಳಿಯದ ಒಬ್ಬ ಒಡೆಯನ ಮೂಗಿನ ಪ್ರತಿ ತಿರುವೂ ನನಗೆ ಬಾಯಿಪಾಠವಾಗಿತ್ತು, ಹೆತ್ತಪ್ಪನದು ಆಗಿರಲಿಲ್ಲ. ಬಣ್ಣಕ್ಕೆ ಪುಸ್ತಕ ತೆಗೆದು ‘ಮೈಬಣ್ಣ’ದ ಅಳತೆಯನ್ನೇ ಕಲೆಸಿದೆ. ಬಿಸಿಲಲ್ಲಿ ಕಪ್ಪಾಗಿ ಹೊಳೆಯುತ್ತಿದ್ದ ಅಪ್ಪ ನನ್ನ ಕೈಯಲ್ಲಿ ಬೆಳ್ಳಗಾದ, ಕೆನ್ನೆಯಲ್ಲಿ ಗುಲಾಬಿ, ತಲೆಯ ಮೇಲೆ ಯಜಮಾನರ ಬಿಳೀ ಪೇಟ ಸಮೇತ. ನನಗೆ ಅದು ತಪ್ಪು ಅಂತ ಕಂಡಿತು. ಚೆನ್ನಾಗಿದೆ ಅಂತಲೂ ಕಂಡಿತು. ಹಾಗೇ ಬಿಟ್ಟೆ.

ಚಿತ್ರ ಒಣಗಿದ ಮೇಲೆ ಹಾಲಿನ ಖಾಲಿ ಜಾಗದಲ್ಲಿ ನೇತುಹಾಕಿ ಮೇಲೊಂದು ಟವೆಲ್ ಮುಚ್ಚಿದೆ. ಅಪ್ಪನ ಚಿತ್ರ ಬರೆಯುತ್ತಿದ್ದೇನೆ ಅಂತ ಅವ್ವನಿಗೆ ಮೊದಲೇ ಹೇಳಿದ್ದೆ. ನನ್ನ ತಮ್ಮ ಅವಳನ್ನು ಕಣ್ಣು ತೋರಿಸಲು ನಂಜನಗೂಡಿಗೆ ಕರೆತಂದು ಬಿಟ್ಟು ಹೋಗುವ ದಿನ ತೋರಿಸುವುದು ಅಂತ ನಿಶ್ಚಯಿಸಿದ್ದೆ. ಯಾರ ಚಿತ್ರ ಅಂತ ಹೇಳದೆ ಆಫೀಸಿನ ಗೆಳತಿಯೊಬ್ಬಳನ್ನೂ ಕರೆದಿದ್ದೆ. ಕಳಲೆಯಿಂದ ಬರುವವಳು, ಏನು ಕಂಡರೂ ವಿಡಿಯೋ ಮಾಡುವವಳು. ಅವ್ವ ಸೋಫಾದ ತುದಿಯಲ್ಲಿ ಕೂತಿದ್ದಳು. ನನ್ನ ಗಂಡ ಬಾಗಿಲ ಹತ್ತಿರ ನಿಂತಿದ್ದರು. ಗೆಳತಿ ಮೊಬೈಲು ಎತ್ತಿ ಹಿಡಿದಳು. “ಅವ್ವ, ನೋಡು” ಅಂತ ನಾನು ಟವೆಲ್ ಎಳೆದೆ.

ಅವ್ವ ರೆಪ್ಪೆ ಬಡಿದಳು. ಆಮೇಲೆ ಸೋಫಾದಿಂದ ಎದ್ದಳು. ಹತ್ತಿರ ಹೋಗಿ ನೋಡಲು ಎದ್ದಳು ಅಂದುಕೊಂಡೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಎರಡೂ ಕೈ ಹೊಟ್ಟೆಯ ಮುಂದೆ ಕಟ್ಟಿಕೊಂಡಳು, ಎರಡು ಹೆಜ್ಜೆ ಹಿಂದಕ್ಕೆ ಸರಿದು ಗೋಡೆಗೆ ಅಂಟಿಕೊಂಡು ನಿಂತಳು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು, ಬದುವಿನ ಮೇಲೆ ಒಡೆಯರು ಬಂದರೆ ಹಾಗೆ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೆ.

“ಯಾವೂರ್ ಯಜಮಾನ್ರವ್ವ ಇವ್ರು?” ಅಂತ ಮೆಲ್ಲಗೆ ಕೇಳಿದಳು.

ಮೇಷ್ಟ್ರು ಹೇಳಿಕೊಟ್ಟ ಅರ್ಧಗಣ್ಣಿನ ನೋಟವನ್ನು ಪೊರೆ ಅವಳಿಗೆ ತಾನಾಗೇ ಕೊಟ್ಟಿತ್ತು. ಅವಳಿಗೆ ಕಂಡದ್ದು ಕೋಟು, ಪೇಟ. ಅದೇ ಚಿತ್ರ.

ಅವ್ವ ಗೆಳತಿಯ ಕಡೆ ನೋಡಿ, ಮಗಳಿಗೆ ಹೊಗಳಿಕೆ ಕಡಿಮೆಯಾಯಿತೇನೋ ಅಂತ, “ಚಂದಾಗ್ ಬರ್ದವ್ಳೆ ಕಣವ್ವ, ಅಲ್ವಾ?” ಅಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ನಿಮ್ಮಪ್ಪುಂದೆಲ್ಲಿ?”

ಇದೇ ಅಪ್ಪ ಕಣವ್ವ ಅಂತ ಹೇಳುವುದು ಎಷ್ಟು ಹೊತ್ತಿನ ಕೆಲಸ? ಗೆಳತಿಯ ಮೊಬೈಲು ಇನ್ನೂ ನನ್ನ ಕಡೆಗೇ ಇತ್ತು. ಕೂಲಿಯ ಮಗಳು ಅಪ್ಪನಿಗೆ ಒಡೆಯರ ಕೋಟು ಹಾಕಿ ಮೆರೆಯಲು ಹೊರಟಿದ್ದಾಳೆ ಅಂತ ಅವಳಿಗೆ ಈಗ ಗೊತ್ತಾಗಿಬಿಡುತ್ತದೆ ಅನ್ನಿಸಿತು.

“ಅಪ್ಪಂದು ಇನ್ನೂ ಬರ್ದಿಲ್ಲ ಅವ್ವ,” ಅಂದೆ. “ಇದು ಸುಮ್ನೆ ಕಲಿಯಕ್ಕೆ ಬರ್ದಿದ್ದು. ಯಾರೋ ಯಜಮಾನ್ರು.”

ನನ್ನ ಗಂಡನಿಗೆ ಎಲ್ಲ ಗೊತ್ತಿತ್ತು. ಅವರು ಒಂದು ಸಲ ನನ್ನ ಮುಖ ನೋಡಿ, ಕಾಫಿ ಮಾಡ್ತೀನಿ ಅಂತ ಒಳಗೆ ಹೋದರು. ಗೆಳತಿ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ಅವ್ವ ಮತ್ತೆ ಸೋಫಾದಲ್ಲಿ ಕೂರಲಿಲ್ಲ. ಅಡುಗೆಮನೆ ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಮೇಲೆ ಕೂತ್ಕೊ ಅಂತ ಎಷ್ಟು ಹೇಳಿದರೂ, “ಇಲ್ಲೇ ತಣ್ಣಗದೆ ಬುಡು” ಅಂದಳು. ಕಾಫಿ ಕುಡಿಯುವಾಗಲೂ ಸೆರಗು ತಲೆಯ ಮೇಲೇ ಇತ್ತು.

ಅವಳು ಊರಿಗೆ ಹೋದ ಸಂಜೆ ಚಿತ್ರವನ್ನು ಇಳಿಸಿ, ನಮ್ಮ ರೂಮಿನ ಬೀರುವಿನ ಹಿಂದೆ ತಳ್ಳಿದೆ. ಸರಿ ಮಾಡಬಹುದಿತ್ತು. ಎಣ್ಣೆಬಣ್ಣವನ್ನು ಕೆರೆಯಬಹುದು, ಮೇಲೆ ಬೇರೆ ಬರೆಯಬಹುದು, ಮೇಷ್ಟ್ರು ಹೇಳಿಕೊಟ್ಟಿದ್ದರು. ಹೊಸ ಕ್ಯಾನ್ವಾಸ್ ಬಿಗಿದು ಕೂತದ್ದೂ ಉಂಟು. ಕುಂಚ ಇಟ್ಟರೆ ಅದೇ ಬಿಳೀ ಮೂಗು ಬಂದು ನಿಲ್ಲುತ್ತಿತ್ತು. ಎರಡು ಸಲ ಒರೆಸಿ ಕೈಬಿಟ್ಟೆ. ಮೇಷ್ಟ್ರಿಗೆ ಫೋನ್ ಮಾಡಿ, ಅವ್ವನಿಗೆ ತುಂಬಾ ಇಷ್ಟವಾಯಿತು, ಈಗ ಆಫೀಸಿನಲ್ಲಿ ಕೆಲಸ ಜಾಸ್ತಿ, ಭಾನುವಾರವೂ ಪುರಸೊತ್ತಿಲ್ಲ ಅಂದೆ. ಅವರು ಪಾಪ, ನಂಬಿದರು.

ಅವ್ವ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದಳು. “ಎಲ್ಲಿಗಂಟ ಬಂತವ್ವ ನಿಮ್ಮಪ್ಪುಂದು?”

“ಬರೀತಾ ಇದ್ದೀನಿ.”

“ಆತುರ ಮಾಡ್ಬ್ಯಾಡ. ಆ ಯಜಮಾನ್ರುನ್ನ ಬರ್ದಂಗೇ ಚಂದಾಗ್ ಬರಿ.”

ಆ ವರ್ಷ ಹಿರಿಯರ ಹಬ್ಬಕ್ಕೆ ನಾನು ಊರಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಅಂದೆ. ರಜೆ ಹಾಕಿಯೇ ಇರಲಿಲ್ಲ. ಮತ್ತೆ ಆ ಕಾರ್ಡನ್ನೇ ಇಟ್ಟರಂತೆ.

ಆಮೇಲೆ, ಯಾರೂ ನೆನೆಸದ ಹಾಗೆ, ಅವ್ವನ ಶುಗರ್ ಇಳಿಯಿತು. ತಮ್ಮನ ಹೆಂಡತಿ ಹಟ ಹಿಡಿದು ಅನ್ನ ಬಿಡಿಸಿದ್ದಳು. ಮೈಸೂರಿನಲ್ಲಿ ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು ಕಣ್ಣು ಆಪರೇಷನ್ ಆಯಿತು. ಡ್ರಾಪ್ಸ್ ಹಾಕಲು, ಚೆಕಪ್ಪಿಗೆ ಓಡಾಡಲು ಅನುಕೂಲ ಅಂತ ಅವಳು ನಮ್ಮ ಮನೆಯಲ್ಲೇ ಉಳಿದಳು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಗೋಡೆಯ ಬಿರುಕು, ಫ್ಯಾನಿನ ಧೂಳು, ಅಕ್ಕಿಯ ಹುಳು, ಎಲ್ಲ ಕಂಡಿತು. ನನ್ನ ತಲೆ ಬಾಚುತ್ತಾ, “ನಿಂಗೂ ನರೆ ಬಂದ್ಬುಡ್ತಲ್ಲ ಮಗಾ” ಅಂತ ಬೇಸರ ಮಾಡಿಕೊಂಡಳು. ನಾನು ದಿನಾ ಬೀರುವಿನ ಹಿಂದಿನ ಚಿತ್ರವನ್ನು ಬೇರೆ ಕಡೆಗೆ ಸಾಗಿಸಬೇಕು ಅಂದುಕೊಳ್ಳುತ್ತಿದ್ದೆ. ಅವಳು ಮನೆಯಲ್ಲೇ ಇರುವಾಗ ಅದನ್ನು ಹೊರಗೆ ತೆಗೆಯುವುದು ಹೇಗೆ? ನಾಳೆ ಅಂತ ಮುಂದೂಡುತ್ತಾ ಬಂದೆ.

ಒಂದು ಮಧ್ಯಾಹ್ನ ಊಟಕ್ಕೆ ಆಫೀಸಿನಿಂದ ಬಂದೆ. ಹಾಲಿನಲ್ಲಿ ಅವ್ವ ಇರಲಿಲ್ಲ. ರೂಮಿನ ಬಾಗಿಲಲ್ಲಿ ಪೊರಕೆ ಬಿದ್ದಿತ್ತು. ಬೀರುವಿನ ಹಿಂದೆ ಕಸ ಗುಡಿಸಲು ಹೋದವಳು ಚಿತ್ರವನ್ನು ಎಳೆದು, ಹಾಸಿಗೆಯ ಮೇಲೆ ದಿಂಬಿಗೆ ಒರಗಿಸಿ, ತಾನು ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ.

“ನಿಮ್ಮಪ್ಪನ್ನ ಯಾಕವ್ವ ಗೋಡೆ ಕಡೀಕೆ ಮೊಕ ಮಾಡಿ ನಿಲ್ಸಿದ್ದೆ?” ಅಂದಳು.

ನನ್ನ ಕೈಯ ಚೀಲ ಹಾಗೇ ಇತ್ತು. ಅವಳು ಎದ್ದು, ಬೆರಳಿನಿಂದ ಚಿತ್ರದ ಎಡಹುಬ್ಬನ್ನು ಸವರಿದಳು.

“ಈ ಗಾಯಕ್ಕೆ ಅರಿಸ್ನ ಮೆತ್ತಿದ್ದೇ ನಾನು. ಕಿವಿಯೂ ಅವ್ರುದೇ. ಮಿಕ್ಕಿದ್ದು ಅಂಗೇ ಇಂಗೇ ಅದೆ, ಇರ್ಲಿ, ನಿಂಗೆಲ್ಲಿ ಗ್ಯಾನ ಇದ್ದಾದು.” ಆಮೇಲೆ ಅವಳ ದನಿ ಇಳಿಯಿತು. “ಅವತ್ತು ನಾನು ಗುರ್ತಿಡೀನಿಲ್ಲ ಅಲ್ವಾ ಮಗಾ. ಕಟ್ಕೊಂಡ್ ಗಂಡನ್ನ ಕಂಡು ಯಾವೂರ್ ಯಜಮಾನ್ರು ಅಂದ್ಬುಟ್ನಲ್ಲ. ಎಂತಾ ಎಂಗ್ಸು ನಾನು. ಆ ನಿಮ್ ಆಪೀಸ್ ಮೇಡಮ್ಮ ಬೇರೆ ಅಲ್ಲೇ ಕುಂತಿದ್ರು.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದುಕೊಂಡಳು. ಗಂಡನನ್ನು ಗುರುತು ಹಿಡಿಯದ ಪಾಪ ತನ್ನದೆಂದು ಅವಳು ಮಧ್ಯಾಹ್ನವೆಲ್ಲ ಕೂತು ತೀರ್ಮಾನಿಸಿಕೊಂಡಿದ್ದಳು. ಅದಕ್ಕೆ ಹೊಂದುವಂತೆ ನನ್ನನ್ನೂ ಒಂದು ಜಾಗದಲ್ಲಿ ಕೂರಿಸಿದ್ದಳು.

“ಜನುದ್ ಮುಂದೆ ನಂಗೆ ಅವಮಾನ ಆಯ್ತದೆ ಅಂತ ನೀನು ಅಪ್ಪಂದಲ್ಲ ಅಂದ್ಬುಟ್ಟೆ. ನಾನು ನೋಡ್ಕೊಂಡ್ಬುಟ್ಟು ನೊಂದ್ಕೋತೀನಿ ಅಂತ ಬಚ್ಚೂ ಇಟ್ಟೆ,” ಅಂದಳು. ಅವಳ ಹೊಸ ಕಣ್ಣು ತುಂಬಿಕೊಂಡಿತ್ತು. ಆಪರೇಷನ್ ಆದ ಕಣ್ಣು ಉಜ್ಜಬಾರದು ಅಂತ ಡಾಕ್ಟರು ಹೇಳಿದ್ದರಿಂದ ಹಾಗೇ ಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು. “ಅದ್ಕೇ ಅಲ್ವಾ ಮಗಾ?”

ಅಷ್ಟು ಸ್ಪಷ್ಟವಾಗಿ ಅವಳು ನನ್ನ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಮದುವೆಯ ದಿನದ್ದು, ಜಮೀನು ಅಂದದ್ದು, ಕೋಟು ನನಗೇ ಬೇಕಿದ್ದದ್ದು, ಎಲ್ಲ ಗಂಟಲ ತನಕ ಬಂತು.

“ಹೂಂ ಅವ್ವ, ಅದಕ್ಕೇ,” ಅಂದೆ.